ಪಂಪಿಗೂ ವಿಭೂತಿ

ನನ್ನ ಬಾಯಿ ದೊಡ್ಡದು. ಇದನ್ನು ನಾನೇ ಮೊದಲು ಹೇಳಿಬಿಟ್ಟರೆ ಬೇರೆಯವರಿಗೆ ಹೇಳುವ ತೊಂದರೆ ತಪ್ಪುತ್ತದೆ. ಮದುವೆಯಾಗಿ ಬಂದ ಹೊಸತರಲ್ಲೇ ನಮ್ಮತ್ತೆ, "ಈ ಬಾಯಿ ಒಂದಿನ ನಿನ್ನ ಕೆಲಸಾನೇ ತಿನ್ನುತ್ತೆ ನೋಡು" ಅಂದಿದ್ದರು. ನಾನು ಬೊಮ್ಮಸಂದ್ರದ ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ ಅಂಗನವಾಡಿ ಟೀಚರ್. ಕೆಲಸ ಇನ್ನೂ ಇದೆ. ಅತ್ತೆಯ ಮಾತು ನಿಜವಾಗುವುದಕ್ಕೆ ಕೂದಲೆಳೆಯಷ್ಟೇ ಬಾಕಿ ಇದ್ದದ್ದೂ ನಿಜ.

ನಮ್ಮ ಅಂಗನವಾಡಿ ಅಂದರೆ ಬಾಡಿಗೆಯ ಒಂದು ಕೋಣೆ, ಅದಕ್ಕೆ ಎರಡು ಕಿಟಕಿ, ಮೂಲೆಯಲ್ಲಿ ಅಡುಗೆಯ ಒಲೆ. ಬರುವ ಮಕ್ಕಳಲ್ಲಿ ಹೆಚ್ಚಿನವರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು. ಅಪ್ಪ ಕಟ್ಟಡದ ಕೆಲಸಕ್ಕೋ ಕಾರ್ಖಾನೆಗೋ ಹೋಗುತ್ತಾನೆ, ಅಮ್ಮ ಬೆಳಗಿನ ಶಿಫ್ಟಿಗೆ ಓಡುತ್ತಾ ಬಂದು ಮಗುವನ್ನು ನನ್ನ ಕಡೆಗೆ ನೂಕಿ, "ಟೀಚರ್, ನೋಡ್ಕೋರಿ" ಅಂದು ಹಾಗೇ ಓಡುತ್ತಾಳೆ. ಇಲ್ಲಿ ನಾನು ಬಾಗಿಲು ತೆರೆಯದಿದ್ದರೆ ಆ ಮಕ್ಕಳು ಶೀಟಿನ ಮನೆಯೊಳಗೆ ಬೀಗದ ಹಿಂದೆ ಇರಬೇಕು, ಇಲ್ಲವೇ ಮರಳು ಜಲ್ಲಿಗಳ ನಡುವೆ. ಬೇರೆ ದಾರಿ ಇಲ್ಲ.

ಎರಡು ಕಿಟಕಿ ಅಂದೆನಲ್ಲ, ಅವುಗಳನ್ನು ತೆರೆಯುವ ಹಾಗಿರಲಿಲ್ಲ. ಎದುರಿಗೇ ಕಾಂಪೌಂಡ್ ಗೋಡೆ, ಗೋಡೆಯಾಚೆ ಒಂದು ಸಣ್ಣ ಕಾರ್ಖಾನೆ, ಅದರ ಬಾಯ್ಲರಿನ ಚಿಮಣಿ. ಮಾತ್ರೆ ಮಾಡುವ ದೊಡ್ಡ ಕಂಪನಿಗಳಿಗೆ ಬೇಕಾದ ಏನೋ ಪುಡಿಯನ್ನು ಅಲ್ಲಿ ತಯಾರಿಸುತ್ತಾರೆ. ಬಾಯ್ಲರಿಗೆ ಅವರು ಹಾಕುವುದು ಬ್ರಿಕೆಟ್. ಕಡಲೆಸಿಪ್ಪೆ, ಮರದ ಹೊಟ್ಟು ಒತ್ತಿ ಮಾಡಿದ ಕಟ್ಟಿಗೆಯ ಮುದ್ದೆಗಳು. ಅದರ ಹೊಗೆ ನಮಗೆ ಗೊತ್ತು. ಹಳ್ಳಿಯ ಒಲೆಯ ಹೊಗೆಗೂ ಅದಕ್ಕೂ ಅಂಥ ವ್ಯತ್ಯಾಸ ಏನಿಲ್ಲ. ಆದರೆ ವಾರದಲ್ಲಿ ಕೆಲವು ದಿನ ಬೇರೆಯೇ ಒಂದು ವಾಸನೆ ಇಳಿದು ಬರುತ್ತಿತ್ತು. ಮೊದಲು ಕೊಳೆತ ಹಲಸಿನ ಹಾಗೆ ಸಿಹಿ, ಆಮೇಲೆ ಟೈರು ಸುಟ್ಟ ಹಾಗೆ ಘಾಟು. ಕಣ್ಣು ಉರಿಯುತ್ತಿತ್ತು. ಒಣಹಾಕಿದ ಬಟ್ಟೆಯ ಮೇಲೆ ಜಿಡ್ಡಿನ ಕಪ್ಪು ಚುಕ್ಕೆಗಳು ಕೂರುತ್ತಿದ್ದವು, ಉಜ್ಜಿದರೆ ಹೋಗದೆ ಹರಡುತ್ತಿದ್ದವು. ಮಕ್ಕಳಿಗೆ ಕೆಮ್ಮು. ಒಂದು ಕೆಮ್ಮಲು ಶುರು ಮಾಡಿದರೆ ಇಡೀ ಕೋಣೆ ಕೆಮ್ಮುತ್ತಿತ್ತು. ನಾನು ಕಿಟಕಿ ಮುಚ್ಚಿ, ಸಂದಿಗೆ ಹಳೇ ಸೀರೆಯನ್ನು ನೆನೆಸಿ ತುರುಕಿ, ಸೆಖೆಯಲ್ಲಿ ಬೇಯುತ್ತಾ "ಒಂದು ಎರಡು" ಹೇಳಿಸುತ್ತಿದ್ದೆ. ಆ ಚಿಮಣಿಗೆ ದಿನಾ ಶಾಪ ಹಾಕುತ್ತಿದ್ದೆ.

ಶಾಪ ಹಾಕಿದ್ದಷ್ಟೇ ಅಲ್ಲ, ಗೇಟಿಗೂ ಹೋಗಿ ಕೇಳಿದ್ದೆ. ಮಾಲೀಕರು ಒಳ್ಳೇ ಮಾತಿನ ಮನುಷ್ಯ, ಹಣೆಯಲ್ಲಿ ಗಂಧ, ಮುಖದಲ್ಲಿ ಸದಾ ನಗು. "ಅಯ್ಯೋ ಟೀಚರಮ್ಮ, ನಮ್ದು ಬರೀ ಬ್ರಿಕೆಟ್ ಕಣಮ್ಮ. ಈ ಏರಿಯಾದಲ್ಲಿ ಎಷ್ಟು ಚಿಮಣಿ ಇದೆ, ನಮ್ದೇ ಅಂತ ಹೆಂಗೆ ಹೇಳ್ತೀರ?" ಅನ್ನುತ್ತಾ ನನ್ನ ಕೈಗೆ ಮಕ್ಕಳಿಗೆಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟು ಕಳಿಸುತ್ತಿದ್ದರು. ಬಿಸ್ಕತ್ತು ತಂದು ಮಕ್ಕಳಿಗೆ ಕೊಡುತ್ತಿದ್ದೆ, ಸಿಟ್ಟನ್ನು ನಾನೇ ಇಟ್ಟುಕೊಳ್ಳುತ್ತಿದ್ದೆ.

ಕೊನೆಗೆ ಮಾಲಿನ್ಯ ನೋಡಿಕೊಳ್ಳುವ ಇಲಾಖೆಗೆ ದೂರು ಕೊಟ್ಟೆ. ಅಲ್ಲಿಂದ ಒಬ್ಬ ಅಧಿಕಾರಿ ಮೇಡಂ ಬಂದರು. ನನಗಿಂತ ಚಿಕ್ಕವರು, ಕಡಿಮೆ ಮಾತು, ಎಲ್ಲವನ್ನೂ ಮುಟ್ಟಿ ನೋಡುವ ಅಭ್ಯಾಸ. ಆದರೆ ನಾನು ಫೋನ್ ಮಾಡಿ, ಅವರು ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ತೆವಳಿ ಬರುವಷ್ಟರಲ್ಲಿ ಗಾಳಿ ಎಲ್ಲವನ್ನೂ ಹೊತ್ತುಕೊಂಡು ಹೋಗಿರುತ್ತಿತ್ತು. ಬಾಯ್ಲರಿನಲ್ಲಿ ಬ್ರಿಕೆಟ್ ಸಾಧುವಿನ ಹಾಗೆ ಉರಿಯುತ್ತಿರುತ್ತಿತ್ತು. ಮೇಡಂ ನಮ್ಮ ಕೋಣೆಯಲ್ಲಿ ಕೂತು ನೀರು ಕುಡಿದು, ನನಗೆ ವಿಷಯ ಬಿಡಿಸಿ ಹೇಳಿದರು.

"ಟೀಚರ್, ಔಷಧಿ ಪುಡಿ ತಯಾರಾದ ಮೇಲೆ ಕೆಟ್ಟ ದ್ರಾವಕ ಉಳಿಯುತ್ತೆ, ಟಾರ್ ತರದ ಅಂಟು ಉಳಿಯುತ್ತೆ. ಅದು ಚೆನ್ನಾಗಿ ಉರಿಯುತ್ತೆ, ಉರುವಲಿನ ದುಡ್ಡು ಉಳಿಯುತ್ತೆ ಅನ್ನೋ ಆಸೆ ಇವರಿಗೆ. ಆದ್ರೆ ಬಾಯ್ಲರ್ ಬೆಂಕಿಗೆ ಅಷ್ಟು ಕಾವಿಲ್ಲ. ಅರ್ಧ ಬೆಂದು ಬೇರೆ ವಿಷ ಆಗಿ ಚಿಮಣೀಲಿ ಬರುತ್ತೆ. ಅದನ್ನ ಸುಡೋಕೆ ಬೇರೆ ಕುಲುಮೆಗಳಿವೆ, ಸಿಮೆಂಟ್ ಕಾರ್ಖಾನೆಯ ಗೂಡುಗಳಿವೆ. ಅಲ್ಲಿ ಕಾವು ಬಹಳ ಜಾಸ್ತಿ, ಹೊಗೆ ತೊಳೆಯೋ ವ್ಯವಸ್ಥೆ ಇರುತ್ತೆ. ಅನುಮತಿ ಇಲ್ದೆ ಬಾಯ್ಲರಿಗೆ ಹಾಕೋ ಹಾಗಿಲ್ಲ. ಕಾನೂನು ಸ್ಪಷ್ಟವಾಗೇ ಇದೆ."

"ಕಾನೂನು ಇದ್ರೆ ಹಿಡೀರಿ ಮೇಡಂ!"

"ಕಣ್ಣಲ್ಲಿ ನೋಡಿದ್ದನ್ನ ಮಾತ್ರ ನಾನು ಬರೀಬಹುದು," ಅಂದರು ಅವರು. "ನಾನು ಹೋದಾಗೆಲ್ಲ ನನಗೆ ಬ್ರಿಕೆಟ್ಟೇ ಕಾಣುತ್ತೆ."

ನನ್ನ ದೂರಿಗೆ ಫಲ ಬಂತು, ಆದರೆ ಬೇರೆ ಗಿಡದಲ್ಲಿ. ನಮ್ಮ ಸೂಪರ್‌ವೈಸರ್ ಒಂದು ದಿನ ಬಂದು, "ಹೊಗೆ ಅಂತ ನೀವೇ ಬರ್ಕೊಟ್ಟಿದ್ದೀರ. ಮಕ್ಕಳ ಆರೋಗ್ಯ ಮುಖ್ಯ ಅಲ್ವಾ? ದಸರಾ ರಜೆ ಮುಗಿದ ಮೇಲೆ ಕೇಂದ್ರಾನ ರಸ್ತೆ ಆಚೆ ಶಿಫ್ಟ್ ಮಾಡೋದು ಅಂತ ಆಗಿದೆ" ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ರಸ್ತೆ ಆಚೆ ಅಂದರೆ ಹೊಸೂರು ಹೆದ್ದಾರಿಯ ಆಚೆ. ಕಂಪನಿ ಬಸ್ಸು, ಲಾರಿ, ಟೂ ವೀಲರ್‌ಗಳ ಆ ಹೊಳೆಯನ್ನು ಬೆಳಗಿನ ಶಿಫ್ಟಿನ ತಾಯಿ ಕೂಸನ್ನು ಎತ್ತಿಕೊಂಡು ದಾಟಿ, ಮತ್ತೆ ಈಚೆ ಬಂದು ಕೆಲಸಕ್ಕೆ ಹೋಗುವುದು ಆಗುವ ಮಾತಲ್ಲ. ನನ್ನ ಮಕ್ಕಳಲ್ಲಿ ಒಬ್ಬರೂ ಅಲ್ಲಿಗೆ ಬರುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಮಕ್ಕಳಿಲ್ಲದ ಮೇಲೆ ಟೀಚರ್ ಯಾಕೆ? ಸೂಪರ್‌ವೈಸರ್ ಜೊತೆ ಜಗಳ ಆಡಿದೆ. ಅವರು ಪಾಪ, "ಹೊಗೆ ನಿಂತ್ರೆ ಶಿಫ್ಟ್ ಯಾಕೆ ಮಾಡ್ತೀವಿ? ಅದನ್ನ ನಿಲ್ಲಿಸೋದು ನನ್ನ ಕೈಲಿಲ್ಲ" ಅಂದು ಹೋದರು. ಆ ದಿನ ಮನೆಯಲ್ಲಿ ಅತ್ತೆ ನನ್ನ ಬಾಯಿಯ ಕಡೆಗೇ ಒಂದು ಸಲ ನೋಡಿ ಊಟ ಬಡಿಸಿದರು. ಆ ನೋಟವೇ ಹೆಚ್ಚು ಉರಿಯಿತು.

ಹೀಗೆ ಬಂತು ಆ ವರ್ಷದ ಆಯುಧ ಪೂಜೆ.

ನಮ್ಮ ಕಡೆ ಆಯುಧ ಪೂಜೆಗೆ ಕಾರ್ಖಾನೆಗಳ ಗೇಟು ತೆರೆದುಬಿಡುತ್ತಾರೆ. ವರ್ಷವೆಲ್ಲಾ "ಒಳಗೆ ಬಿಡಲ್ಲ" ಅನ್ನುವ ಸೆಕ್ಯುರಿಟಿಯೇ ಅವತ್ತು ಬಾಳೆಕಂಬದ ಕೆಳಗೆ ನಿಂತು "ಬನ್ನಿ ಬನ್ನಿ" ಅನ್ನುತ್ತಾನೆ. ಬಾಯ್ಲರ್ ಆರಿಸಿ, ತಣ್ಣಗಾಗಿಸಿ, ತೊಳೆದು, ಮದುವಣಗಿತ್ತಿಯ ಹಾಗೆ ಸಿಂಗರಿಸಿರುತ್ತಾರೆ. ಅಕ್ಕಪಕ್ಕದವರೆಲ್ಲ ಹೋಗಿ ಕಡ್ಲೆಪುರಿ, ಸ್ವೀಟು ತೆಗೆದುಕೊಂಡು ಬರುವುದು ವಾಡಿಕೆ. ನಾನೂ ಪ್ರತಿವರ್ಷ ಮಕ್ಕಳನ್ನು ಸಾಲು ಮಾಡಿಕೊಂಡು ಹೋಗುತ್ತೇನೆ. ಆ ವರ್ಷ ಬೇಡ ಅನ್ನಿಸಿತ್ತು. ಆದರೆ ಮಕ್ಕಳಿಗೆ ನನ್ನ ಸಿಟ್ಟು ಯಾಕೆ? ಕಡ್ಲೆಪುರಿ ಅವರ ಹಕ್ಕು.

ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಯಾದಗಿರಿ ಕಡೆಯ ಒಬ್ಬ ತೆಳ್ಳನೆಯ ಮನುಷ್ಯ. ಅವನ ಮಗಳು ನನ್ನ ಅಂಗನವಾಡಿಗೇ ಬರುತ್ತಿದ್ದಳು. ಮಕ್ಕಳಿಗೆಲ್ಲ ಅವನು ಬಾಯ್ಲರ್ ಮಾಮ. ನಮ್ಮ ಕಡೆಯವರಾದರೆ ಯಂತ್ರಗಳಿಗೆ ಅರಿಶಿನ ಕುಂಕುಮದ ಬೊಟ್ಟಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಅವನು ಶಿವಭಕ್ತ. ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಮೇಲೊಂದು ಚೆಂಡುಹೂವು ಸಿಕ್ಕಿಸಿದರೇ ಅವನಿಗೆ ಸಮಾಧಾನ. ಬಾಯ್ಲರಿನ ಬಾಗಿಲಿಗೆ ಬಳಿದಿದ್ದ, ಗೇಜಿಗೆ ಬಳಿದಿದ್ದ, ಸಲಿಕೆಗೆ, ಸ್ಪ್ಯಾನರಿಗೆ, ತನ್ನ ಹೆಲ್ಮೆಟ್ಟಿಗೂ ಬಳಿದಿದ್ದ. ಮಕ್ಕಳು "ಇಲ್ಲೊಂದು, ಅಲ್ಲೊಂದು" ಅಂತ ವಿಭೂತಿ ಹುಡುಕುವ ಆಟ ಶುರು ಮಾಡಿದವು. ಅವುಗಳ ಹಿಂದೆ ನಾನು ಬಾಯ್ಲರಿನ ಹಿಂಬದಿಗೆ ಹೋದೆ.

ಅಲ್ಲಿ ಗೋಡೆಯ ಪಕ್ಕ ಕಪ್ಪು ಜಿಡ್ಡು ಹಿಡಿದ ಡ್ರಮ್ಮುಗಳು ನಿಂತಿದ್ದವು. ಅವಕ್ಕೂ ವಿಭೂತಿ. ಪಕ್ಕದಲ್ಲಿ ಒಂದು ಪುಟ್ಟ ಪಂಪು, ಅದಕ್ಕೆ ವಿಭೂತಿ, ಕುಂಕುಮ, ದೊಡ್ಡ ಚೆಂಡುಹೂವು. ಪಂಪಿನಿಂದ ಹೊರಟ ಸಣ್ಣ ಪೈಪು ಗೋಡೆ ಹತ್ತಿತ್ತು. ಅದರ ವಾಲ್ವಿಗೆ ವಿಭೂತಿ, ತಿರುವಿಗೆ ವಿಭೂತಿ. ಕೊನೆಗೆ ಪೈಪು ಬಾಯ್ಲರಿನ ಪಕ್ಕೆಯೊಳಗೆ ಹೋಗುವಲ್ಲಿ, ಬೆಂಕಿಯ ಮನೆಯ ಬಾಯಲ್ಲೇ, ಎಲ್ಲಕ್ಕಿಂತ ದಪ್ಪಗೆ ಎಳೆದ ವಿಭೂತಿ. ಮೂಗು ಹತ್ತಿರ ಒಯ್ದೆ. ಕರ್ಪೂರದ ವಾಸನೆಯ ಅಡಿಯಲ್ಲಿ ಅದೇ ಕೊಳೆತ ಸಿಹಿ, ಅದೇ ಘಾಟು.

"ಏನಣ್ಣಾ, ಇದಕ್ಕೂ ಪೂಜೆನಾ?" ಅಂದೆ, ದನಿ ಮೆತ್ತಗೆ ಮಾಡಿ.

"ಮತ್ತ? ಇದೂ ದುಡೀತೈತಲ್ರೀ ಟೀಚರ್," ಅಂದ ಅವನು, ಆರತಿ ತಟ್ಟೆ ಹಿಡಿದುಕೊಂಡೇ. "ವರ್ಷಾನಗಟ್ಲೆ ಎಣ್ಣಿ ಎಳದು ಬಾಯ್ಲರಿಗೆ ಕೊಡೂದು ಇದ. ಇದನ್ನ ಬಿಟ್ಟು ಬರೇ ಬಾಯ್ಲರಿಗಷ್ಟ ಪೂಜಿ ಮಾಡಿದ್ರ ದೇವರು ಮೆಚ್ತಾನೇನ್ರಿ?"

ಮುಚ್ಚಿಡಬೇಕಾದದ್ದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅದು 'ಎಣ್ಣೆ' ಅಂತ ಅವನ ನಂಬಿಕೆ. ಇನ್ನು ಮಾಲೀಕರು ಬೆಳಗಿನಿಂದ ಮುಂಬಾಗಿಲಲ್ಲಿ ಅತಿಥಿಗಳಿಗೆ ಕೈಮುಗಿಯುವುದರಲ್ಲೇ ಮುಳುಗಿದ್ದರು, ಹಿಂಬದಿಗೆ ಬಂದೇ ಇರಲಿಲ್ಲ. ಕುಂಬಳಕಾಯಿ ಒಡೆಯುವ ಹೊತ್ತಿಗೆ ಅವರು, "ಎಲ್ಲಾ ಬನ್ರಪ್ಪ, ಬಾಯ್ಲರ್ ಮುಂದೆ ಒಂದು ಗ್ರೂಪ್ ಫೋಟೋ" ಅಂದರು. ನನ್ನ ತಲೆಯಲ್ಲಿ ಮಿಂಚು ಹೊಡೆಯಿತು.

"ಸಾರ್, ಮುಂದೆ ಬಿಸಿಲು. ಮಕ್ಕಳು ಕಣ್ಣು ಮುಚ್ಕೊಂಡ್ಬಿಡ್ತವೆ. ಈ ಕಡೆ ನೆರಳಿದೆ, ಹೂವಿನ ಅಲಂಕಾರಾನೂ ಚೆನ್ನಾಗಿದೆ," ಅಂತ ಕೂಗಿದೆ. ನನ್ನ ದೊಡ್ಡ ಬಾಯಿ ಅವತ್ತು ದೇವರ ಘಂಟೆಯ ಹಾಗೆ ಕೇಳಿಸಿರಬೇಕು, ಎಲ್ಲರೂ ಹಿಂದಕ್ಕೆ ಬಂದರು. ಮಾಲೀಕರು ಮಕ್ಕಳ ನಡುವೆ ಕೂತು ನಕ್ಕರು. ಅವರ ಎಡ ಭುಜದ ಹಿಂದೆ ಡ್ರಮ್ಮು, ಪಂಪು, ಪೈಪು, ಬಾಯ್ಲರು, ಎಲ್ಲವೂ ವಿಭೂತಿ ಧರಿಸಿ ಸಾಲಾಗಿ ನಿಂತಿದ್ದವು. ಮಧ್ಯಾಹ್ನಕ್ಕೆ ಆ ಫೋಟೋವನ್ನು ಸ್ವತಃ ಮಾಲೀಕರೇ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡಿದ್ದರು, ಕೈಮುಗಿದ ಚಿತ್ರದ ಜೊತೆಗೆ. ನನ್ನ ಫೋನಿನಲ್ಲೂ ಅದು ಇತ್ತು.

ಕಳಿಸಿಬಿಡುವುದು ಸುಲಭ ಅಂದುಕೊಂಡಿದ್ದೆ. ಆದರೆ ಬೆರಳು ಒತ್ತುವ ಮೊದಲು ಆ ತೆಳ್ಳನೆಯ ಮನುಷ್ಯನ ಮುಖ ಕಣ್ಣ ಮುಂದೆ ಬಂತು. ಅವನ ಭಕ್ತಿಯಿಂದಲೇ ಅವನ ಅನ್ನ ಹೋದರೆ? ಸಂಜೆ ಅವನ ಮನೆಗೇ ಹೋದೆ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ಅದು ಎಣ್ಣೆ ಅಲ್ಲ, ನಿಜವಾಗಿ ಏನು, ಅದು ಎಲ್ಲಿ ಸುಡಬೇಕಾದದ್ದು, ನಮ್ಮ ಮಕ್ಕಳಿಗೆ ಯಾಕೆ ಕೆಮ್ಮು, ಎಲ್ಲ ಹೇಳಿದೆ. ಅವನು ಕೇಳುತ್ತಾ ಕೇಳುತ್ತಾ ಕೆಂಪಾದ.

"ಎಣ್ಣಿ ಅಂತ ಹೇಳಿ ನನ್ನ ಕೈಲೆ ನನ್ನ ಮಗಳಿಗೆ ವಿಷಾ ಹಾಕಿಸ್ಯಾರೇನ್ರಿ?" ಅಂದ. ಆಮೇಲೆ ಸಿಟ್ಟು ನನ್ನ ಕಡೆ ತಿರುಗಿತು. "ನಿಮಗ ಗೊತ್ತಿತ್ತಲ್ಲ, ಮೊದಲ ನನ್ನ ಕೇಳಬಾರದೇನ್ರಿ? ಊರಿಗೆಲ್ಲಾ ಹೇಳ್ತೀರಿ, ನನಗ ಹೇಳಲಿಲ್ಲ!"

ನಾನು ಉತ್ತರ ಕೊಡುವ ಮೊದಲೇ ಅವನ ಹೆಂಡತಿ, "ಈಗ ಟೀಚರ್ ಮ್ಯಾಲೆ ಯಾಕ ಹಾರಾಡ್ತಿ? ಕಳಸ್ರಿ ಟೀಚರ್. ಇವನ ಹಣೇಬಾರದಾಗ ಇದ್ದದ್ದು ಆಗ್ಲಿ" ಅಂದಳು. ಅವನು ಮಗಳ ಕಡೆ ನೋಡಿ, "ಕಳಸ್ರಿ" ಅಂದ. ಅಲ್ಲೇ ಕೂತು ಮೇಡಂಗೆ ಕಳಿಸಿದೆ.

ಹಬ್ಬ ಮುಗಿದ ಮೊದಲ ಕೆಲಸದ ದಿನವೇ ಮೇಡಂ ಬಂದರು. ದೂರು ಕೊಟ್ಟವಳು ಅಂತ ನನ್ನನ್ನೂ ಒಳಗೆ ಕರೆದುಕೊಂಡು ಹೋದರು. ಹಿಂಬದಿಗೆ ಹೋಗಿ ನೋಡಿದರೆ ಎಲ್ಲಾ ಖಾಲಿ. ಡ್ರಮ್ಮು ಇಲ್ಲ, ಪಂಪು ಇಲ್ಲ, ನೆಲ ತೊಳೆದು ಲಕಲಕ. ತಮ್ಮದೇ ಸ್ಟೇಟಸ್ಸನ್ನು ಮಾಲೀಕರು ಯಾವಾಗಲೋ ಸರಿಯಾಗಿ ನೋಡಿಕೊಂಡಿದ್ದರು ಅಂತ ಕಾಣುತ್ತದೆ. ಮೇಡಂ ಫೋನು ತೆಗೆದು ಫೋಟೋ ತೋರಿಸಿದರು.

"ಈ ಪಂಪು ಎಲ್ಲಿ?"

"ಓ ಅದಾ ಮೇಡಂ, ನೆಲ ತೊಳೆಯೋ ನೀರಿನ ಪಂಪು. ರಿಪೇರಿಗೆ ಹೋಗಿದೆ," ಅಂದರು ಮಾಲೀಕರು, ಅದೇ ನಗು. "ಹಬ್ಬಕ್ಕೆ ಅಂತ ಎಲ್ಲಾ ತಂದು ಜೋಡಿಸಿದ್ವಿ."

ಮೇಡಂ ಗೋಡೆಯ ಕಡೆ ತಿರುಗಿದರು. ಅಲ್ಲಿ ಆ ಸಣ್ಣ ಪೈಪು ಇನ್ನೂ ಇತ್ತು, ಅದರ ಮೇಲೆ ವಿಭೂತಿಯೂ ಇತ್ತು. ವಾಲ್ವಿನ ಮೇಲೆ ಮೂರು ಗೆರೆ. ತಿರುವಿನ ಮೇಲೆ ಮೂರು ಗೆರೆ. ಮೇಡಂ ಬೆರಳು ತೋರಿಸುತ್ತಾ ಒಂದೊಂದನ್ನೇ ಹಿಂಬಾಲಿಸಿದರು, ಥೇಟ್ ಅವತ್ತು ನನ್ನ ಮಕ್ಕಳು ಮಾಡಿದ ಹಾಗೆ. ಬಾಯ್ಲರಿನ ಪಕ್ಕೆಗೆ ಬಂದರು. ತೂತಿಗೆ ಹೊಸದಾಗಿ ಒಂದು ತಗಡು ಬಿಗಿದಿದ್ದರು. ಆದರೆ ತಗಡಿನ ಸುತ್ತಲೂ ವಿಭೂತಿಯ ದಪ್ಪ ಗೆರೆಗಳು ಇಣುಕುತ್ತಿದ್ದವು.

"ನೆಲ ತೊಳೆಯೋ ನೀರು ಬೆಂಕಿ ಮನೆಯೊಳಗೆ ಯಾಕೆ ಹೋಗುತ್ತೆ?" ಅಂತ ಮೇಡಂ ಕೇಳಿದರು.

ಮಾಲೀಕರ ನಗು ಆಗ ಮೊದಲ ಸಲ ಜಾರಿತು. ಬಾಯ್ಲರಿನವನ ಕಡೆ ತಿರುಗಿ, ಹಲ್ಲು ಕಚ್ಚಿ, "ಎಲ್ಲಾ ಒರೆಸು ಅಂತ ನಿನ್ನೆನೇ ಹೇಳಿದ್ನಲ್ಲೋ!" ಅಂದುಬಿಟ್ಟರು. ಅಂದ ಮೇಲೆ ತಾವೇ ಬೆಚ್ಚಿದರು.

ಅವನು ಕೈಕಟ್ಟಿಕೊಂಡೇ ಹೇಳಿದ, "ಪಂಪು ಬಿಚ್ಚಂದ್ರಿ, ಬಿಚ್ಚಿದೆ. ಡ್ರಮ್ಮು ಸರಸಂದ್ರಿ, ಸರಸಿದೆ. ಹಬ್ಬದಾಗ ಹಚ್ಚಿದ ವಿಭೂತಿ ಒದ್ದಿ ಬಟ್ಟೀಲೆ ಒರಸೂದು ನನ್ನ ಕೈಲೆ ಆಗೂದಿಲ್ರಿ ಸಾಹೇಬ್ರ. ಅದು ತಾನ ಉದುರಬೇಕು. ನಾ ಅಷ್ಟ ಅಲ್ಲ, ಯಾರೂ ಮುಟ್ಟಲಿಲ್ರಿ. ನೀವೂ ಮುಟ್ಟಲಿಲ್ಲ."

ಅದು ನಿಜವೇ ಆಗಿತ್ತು. ಹಣೆಗೆ ಗಂಧ ಇಡದೆ ಮನೆಯಿಂದ ಹೊರಡದ ಆ ಮಾಲೀಕರಿಗೂ ದೇವರ ಗುರುತನ್ನು ಒರೆಸುವ ಧೈರ್ಯ ಬಂದಿರಲಿಲ್ಲ. ಗಾಳಿಗೆ ವಿಷ ಬಿಡುವುದಕ್ಕೆ ಹೆದರದವರು ಮೂರು ಗೆರೆ ಬೂದಿಗೆ ಹೆದರಿದ್ದರು. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡೆ.

ಮೇಡಂ ತಗಡು ಬಿಚ್ಚಿಸಿದರು. ಒಳಗಿನ ಮೂತಿಯಲ್ಲಿ ಕಪ್ಪು ಅಂಟು ಇನ್ನೂ ಹಸಿಯಾಗಿತ್ತು. ಅದನ್ನು ಕೆರೆದು ಬಾಟಲಿಗೆ ತುಂಬಿ, ಮಾಲೀಕರ ಎದುರೇ ಸೀಲು ಮಾಡಿದರು. ಬಾಯ್ಲರಿನವನನ್ನು ಕೇಳಿ ಅವನ ಹೇಳಿಕೆ ಬರೆದುಕೊಂಡರು. ಪಂಪು ಮತ್ತು ಡ್ರಮ್ಮು ಗೋಡೌನಿನ ಹಿಂದೆ ಟಾರ್ಪಾಲಿನ ಕೆಳಗೆ ಸಿಕ್ಕವು, ಪಂಪಿನ ಮೇಲೆ ಬಾಡಿದ ಚೆಂಡುಹೂವು ಇನ್ನೂ ಸಿಕ್ಕಿಕೊಂಡಿತ್ತು.

ಲ್ಯಾಬಿನ ವರದಿ ಬಂತು. ಕೆಟ್ಟ ದ್ರಾವಕವೇ. ಆದೇಶವೂ ಬಂತು. ಆ ಪೈಪು ಕತ್ತರಿಸಿ ತೂತನ್ನು ಪೂರ್ತಿ ವೆಲ್ಡ್ ಮಾಡುವ ತನಕ ಬಾಯ್ಲರ್ ಹಚ್ಚುವ ಹಾಗಿಲ್ಲ. ವಿಷದ ಕಸವೆಲ್ಲ ಗುರುತು ಅಂಟಿಸಿದ ಡ್ರಮ್ಮಿನಲ್ಲಿ, ಮುಚ್ಚಿದ ಲಾರಿಯಲ್ಲಿ, ಅದನ್ನು ಸುಡಲು ಅನುಮತಿ ಇರುವ ಕುಲುಮೆಗೇ ಹೋಗಬೇಕು. ಚಿಮಣಿಯ ಹೊಗೆ ಅಳೆಯುವ ಮೀಟರ್ ಕೂರಿಸಬೇಕು. ಒಳಗೆ ಯಾವ ವಿಷ ಹುಟ್ಟುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಗೇಟಿನ ಹೊರಗೆ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದು ಹಾಕಬೇಕು. ಈಗ ದಿನಾ ಬೆಳಿಗ್ಗೆ ಬರುವಾಗ ಆ ಬೋರ್ಡಿನ ಮುಂದೆ ನಿಂತು ಓದಿಯೇ ಮುಂದೆ ಹೋಗುತ್ತೇನೆ. ಸೆಕ್ಯುರಿಟಿಯವನು, "ಟೀಚರ್, ನೆನ್ನೆದೇ ಇರೋದು" ಅನ್ನುತ್ತಾನೆ. "ಇರ್ಲಿ ಕಣಪ್ಪಾ, ಓದೋಕೆ ಚೆನ್ನಾಗಿದೆ" ಅನ್ನುತ್ತೇನೆ.

ಬಾಯ್ಲರಿನವನ ಕೆಲಸ ಹೋಗಲಿಲ್ಲ. ಮಾಲೀಕರಿಗೆ ಆಸೆ ಇತ್ತೇನೋ. ಆದರೆ ಬಾಯ್ಲರ್ ನಡೆಸುವ ಸರ್ಟಿಫಿಕೇಟ್ ಇದ್ದವನು ಅಲ್ಲಿ ಅವನೊಬ್ಬನೇ, ಅದಿಲ್ಲದವನನ್ನು ನಿಲ್ಲಿಸಿದರೆ ಕಾನೂನು ಬಿಡುವುದಿಲ್ಲ. ಮೇಡಂ ಬೇರೆ ಬಂದಾಗೆಲ್ಲ ಮೊದಲು ಕೇಳುವುದು ಅವನನ್ನೇ. ಒಂದು ಸಲ ಪೊಲೀಸಿನವರ ಮುಂದೆ ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳ ಆಮೇಲೆ ಸಂತೆಯಲ್ಲಿ ಹುಷಾರಾಗಿಯೇ ಓಡಾಡುತ್ತಾನೆ. ಮಾಲೀಕರು ಈಗಲೂ ನನಗೆ ಕೈಮುಗಿಯುತ್ತಾರೆ, ನಾನೂ ಮುಗಿಯುತ್ತೇನೆ. ಬಿಸ್ಕತ್ತು ಮಾತ್ರ ನಿಂತಿದೆ.

ನಮ್ಮ ಸೂಪರ್‌ವೈಸರ್ ಬಂದು ಕೋಣೆಯ ನಡುವೆ ನಿಂತು, ಎರಡು ಸಲ ಉದ್ದಕ್ಕೆ ಉಸಿರೆಳೆದು ನೋಡಿದರು. "ಶಿಫ್ಟಿಂಗ್ ಕ್ಯಾನ್ಸಲ್ ಮಾಡ್ಸಿದ್ದೀನಿ ಕಣ್ರೀ," ಅಂದರು. ಆ ಮಧ್ಯಾಹ್ನ ನಾನು ಕಿಟಕಿಯ ಸಂದಿಯಿಂದ ಹಳೇ ಸೀರೆ ಕಿತ್ತೆ. ಚಿಲಕ ತುಕ್ಕು ಹಿಡಿದು ಕೂತಿತ್ತು, ಕಲ್ಲಿನಿಂದ ಹೊಡೆದು ಬಿಡಿಸಬೇಕಾಯಿತು. ಎರಡೂ ಕಿಟಕಿ ತೆರೆದಾಗ ಗಾಳಿ ಒಳಗೆ ನುಗ್ಗಿ ಗೋಡೆಯ ಚಾರ್ಟುಗಳೆಲ್ಲ ಪಟಪಟ ಅಂದವು, ಮಕ್ಕಳು ಹೋ ಅಂತ ಕೂಗಿದವು. ನಾನೂ ಕೂಗಿದೆ. ಗೆದ್ದೆವು ಅಂತ ಕೂಗುವುದಕ್ಕೆ ಯಾರ ಅಪ್ಪಣೆ ಬೇಕು?

ಮರುವರ್ಷದ ಆಯುಧ ಪೂಜೆಗೆ ಬಾಯ್ಲರಿನವನು ಕಾರ್ಖಾನೆಯ ಪೂಜೆ ಮುಗಿಸಿ, ಹೆಂಡತಿಯ ಜೊತೆ ತಟ್ಟೆ ಹಿಡಿದುಕೊಂಡು ಸೀದಾ ನಮ್ಮ ಅಂಗನವಾಡಿಗೆ ಬಂದ. ಏನೂ ಕೇಳದೆ ಎರಡೂ ಕಿಟಕಿಗಳ ಚಿಲಕಕ್ಕೆ, ಬಾಗಿಲುಗಳಿಗೆ, ಕೀಲುಗಳಿಗೆ ಮೂರು ಮೂರು ಬೆರಳು ವಿಭೂತಿ ಎಳೆದ, ಹೂವು ಸಿಕ್ಕಿಸಿದ.

"ಕಿಟಕೀಗೂ ಪೂಜೆನಾ ಅಣ್ಣಾ?" ಅಂದೆ.

"ಮತ್ತ? ಈ ವರ್ಷ ಇವು ದುಡದಾವಲ್ರಿ," ಅಂದ. ಆಮೇಲೆ ಕೋಣೆಯೆಲ್ಲ ಒಂದು ಸುತ್ತು ನೋಡಿ, ಹೆಂಡತಿಯ ಕಡೆ ತಿರುಗಿ, "ಎಲ್ಲಾಕಿಂತ ಹೆಚ್ಚು ದುಡದದ್ದ ಬಿಟ್ಟೇವಲ್ಲ" ಅಂದ. ಅವಳು ನಗುತ್ತಾ ಬಂದು, ವಿಭೂತಿ ಅದ್ದಿದ ಮೂರು ಬೆರಳನ್ನು ನನ್ನ ತುಟಿಯ ಕೆಳಗೆ, ಗದ್ದದ ಮೇಲೆ ನಿಧಾನಕ್ಕೆ ಎಳೆದಳು. ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಕಣ್ಣು ತುಂಬಿ ಬಂದಿತ್ತು.

ಒರೆಸಿಕೊಳ್ಳದೆ ಹಾಗೇ ಮನೆಗೆ ಹೋದೆ. ಬಾಗಿಲಲ್ಲಿ ಕೂತು ಹೂವು ಕಟ್ಟುತ್ತಿದ್ದ ಅತ್ತೆ ತಲೆ ಎತ್ತಿ ನೋಡಿ, "ಇದೇನೇ ಇದು, ಗದ್ದದ ಮೇಲೆ ವಿಭೂತಿ?" ಅಂದರು.

"ಆಯುಧ ಪೂಜೆ ಅತ್ತೆ," ಅಂದೆ.